ಕಕ್ಕುವ ಕೂಸು: ಹಾಲೂಡುವ ಹೊತ್ತು, ಬಟ್ಟೆ ಬದಲಿಸುವ ಹೊತ್ತು

ನಿಮ್ಮಲ್ಲಿ ಹಲವರ ಮನೆಗೆ ಅಕ್ಕನೋ ಅತ್ತಿಗೆಯೋ ಬಾಣಂತಿಯಾಗಿ ಬಂದಿರಬಹುದು. ಓದುತ್ತ ಕುಳಿತ ನಿಮ್ಮನ್ನು ಕರೆದು, "ಐದು ನಿಮಿಷ ಕೂಸನ್ನು ಹಿಡಿದುಕೊ, ಒಣಗಿದ ಬಟ್ಟೆ ತರುತ್ತೇನೆ" ಎನ್ನುತ್ತಾರೆ. ಆಗತಾನೆ ಹೊಟ್ಟೆ ತುಂಬ ಹಾಲು ಕುಡಿದ ಕೂಸು ನಿಮ್ಮ ಕೈಗೆ ಬಂದ ಎರಡೇ ನಿಮಿಷದಲ್ಲಿ ಅಂಗಿಯ ಮೇಲೆಲ್ಲ ಕಕ್ಕಿಬಿಡುತ್ತದೆ. ಅಲ್ಲಿಂದ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ. ತಾಯಿಯ ಹಾಲು ಒಗ್ಗುತ್ತಿಲ್ಲ ಎಂದು ಒಬ್ಬರು, ದೃಷ್ಟಿ ತಾಕಿದೆ ಎಂದು ಇನ್ನೊಬ್ಬರು, ಬಾಣಂತಿ ತಿನ್ನಬಾರದ್ದೇನನ್ನೋ ತಿಂದಿದ್ದಾಳೆ ಎಂದು ಮತ್ತೊಬ್ಬರು. ಎಲ್ಲರೂ ಕೂಸಿನ ಹಿತೈಷಿಗಳೇ. ಆದರೆ ಈ ಮಾತುಗಳ ಭಾರ ಬೀಳುವುದು ರಾತ್ರಿಯೆಲ್ಲ ನಿದ್ದೆಗೆಟ್ಟ ಬಾಣಂತಿಯ ಮೇಲೆ. ತನ್ನ ಹಾಲಿನಲ್ಲೇ ದೋಷವಿದೆಯೆಂದು ನಂಬಿ ಎದೆಹಾಲು ಬಿಡಿಸಿ, ಡಬ್ಬದ ಪುಡಿಗೆ ತಿರುಗಿದ ತಾಯಂದಿರು ಕಡಿಮೆಯಿಲ್ಲ.

ಕಾರ್ಯಕ್ರಮದಲ್ಲಿ ಗೊಂಬೆಯೊಂದನ್ನು ಇಟ್ಟುಕೊಂಡು ತೋರಿಸಿದ ಕ್ರಮವನ್ನೇ ಇಲ್ಲಿ ಕಾರಣಗಳ ಸಮೇತ ವಿವರಿಸಿದೆ. ಇದನ್ನು ತಿಳಿಯಲು ವೈದ್ಯಶಾಸ್ತ್ರ ಓದಿರಬೇಕಾಗಿಲ್ಲ. ಶಾಲೆಯ ಜೀವಶಾಸ್ತ್ರದ ಜೀರ್ಣಾಂಗಗಳ ಪಾಠ, ಭೌತಶಾಸ್ತ್ರದ ಒತ್ತಡದ ಪಾಠ, ಇವೆರಡು ನೆನಪಿದ್ದರೆ ಸಾಕು.

ಬಾಗಿಲು ಏಕೆ ತೆರೆಯುತ್ತದೆ?

ನಾವು ನುಂಗಿದ ಆಹಾರ ಅನ್ನನಾಳದ ಮೂಲಕ ಜಠರಕ್ಕೆ ಇಳಿಯುತ್ತದೆ. ಅನ್ನನಾಳವು ಎದೆಗೂಡನ್ನು ದಾಟಿ, ವಪೆಯಲ್ಲಿರುವ ಒಂದು ಕಂಡಿಯ ಮೂಲಕ ಹೊಟ್ಟೆಯೊಳಗೆ ಬರುವ ಕಡೆ ಸ್ನಾಯುವಿನ ಉಂಗುರವೊಂದಿದೆ. ನುಂಗಿದಾಗ ಅದು ಸಡಿಲಗೊಂಡು ಆಹಾರಕ್ಕೆ ದಾರಿ ಕೊಡುತ್ತದೆ, ಮಿಕ್ಕ ಹೊತ್ತಿನಲ್ಲಿ ಬಿಗಿದುಕೊಂಡಿರುತ್ತದೆ. ಜಠರದಲ್ಲಿರುವುದು ಮೇಲಕ್ಕೆ ಹಿಂತಿರುಗದಂತೆ ತಡೆಯುವ ಬಾಗಿಲು ಇದು. ಈ ಬಾಗಿಲನ್ನು ದಾಟಿ ಜಠರದ ಹಾಲು ಮೇಲಕ್ಕೆ ಬರುವುದನ್ನು ವೈದ್ಯರು ರಿಫ್ಲಕ್ಸ್, ಅಂದರೆ ಹಿಮ್ಮುಖ ಹರಿವು ಎನ್ನುತ್ತಾರೆ.

ಉಂಗುರವೇ ದುರ್ಬಲವಾಗಿರುವುದರಿಂದ ಹೀಗಾಗುತ್ತದೆ ಎಂದು ಬಹುಕಾಲ ತಿಳಿದಿದ್ದರು. 1980ರಲ್ಲಿ ಜಾನ್ ಡೆಂಟ್, ವೈಲಿ ಡಾಡ್ಸ್ ಮೊದಲಾದವರು ಆರೋಗ್ಯವಂತ ವಯಸ್ಕರ ಅನ್ನನಾಳದಲ್ಲಿ ಒತ್ತಡವನ್ನು ಅಳೆದು ನೋಡಿದಾಗ ಬೇರೆಯದೇ ಚಿತ್ರ ಕಾಣಿಸಿತು. ನುಂಗುವ ಕ್ರಿಯೆ ನಡೆಯದಿದ್ದರೂ ಆ ಉಂಗುರ ಆಗಾಗ ಕೆಲವು ಸೆಕೆಂಡುಗಳ ಕಾಲ ತಾನಾಗಿಯೇ ಸಡಿಲವಾಗುತ್ತದೆ. ಹಿಮ್ಮುಖ ಹರಿವು ಹೆಚ್ಚಾಗಿ ನಡೆಯುವುದು ಆ ಗಳಿಗೆಗಳಲ್ಲಿ. ಮುಂದೆ ಶಿಶುಗಳಲ್ಲೂ ಇದೇ ಕಂಡುಬಂತು. ಜಠರ ಉಬ್ಬಿದಾಗ ಈ ಸಡಿಲಿಕೆ ಹೆಚ್ಚುತ್ತದೆ. ಊಟದ ನಂತರ ನಮಗೆ ತೇಗು ಬರುವುದೂ ಇದರಿಂದಲೇ. ನಾವು ಗಾಳಿಯನ್ನು ಹೊರಬಿಟ್ಟು ಸುಮ್ಮನಾಗುತ್ತೇವೆ, ಕೂಸಿಗೆ ಗಾಳಿಯ ಜೊತೆಗೆ ಹಾಲೂ ಬರುತ್ತದೆ.

ಕೂಸಿಗೆ ಮಾತ್ರ ಹೀಗೇಕೆ? ಅದರ ಊಟ ಪೂರ್ತಿ ದ್ರವ, ಅದು ಇಡೀ ದಿನ ಮಲಗಿಯೇ ಇರುತ್ತದೆ. ವಯಸ್ಕರ ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದವಿದ್ದರೆ ನವಜಾತ ಶಿಶುವಿನದು 8ರಿಂದ 10 ಸೆಂಟಿಮೀಟರ್, ಆದ್ದರಿಂದ ಬಾಗಿಲಿನಿಂದ ಬಾಯಿಗೆ ದೂರವೂ ಕಡಿಮೆ. ಇನ್ನು ಕುಡಿಯುವ ಪ್ರಮಾಣವನ್ನು ಲೆಕ್ಕ ಹಾಕಿ ನೋಡಿ. ಮೊದಲ ವಾರ ಕಳೆದ ಮೇಲೆ ಶಿಶುವಿಗೆ ದಿನವೊಂದಕ್ಕೆ ತೂಕದ ಪ್ರತಿ ಕಿಲೋಗ್ರಾಂಗೆ ಸುಮಾರು 150 ಮಿಲಿಲೀಟರ್ ಹಾಲು ಬೇಕು. 3 ಕಿಲೋ ತೂಕದ ಕೂಸಿಗೆ 450 ಮಿಲಿಲೀಟರ್ ಆಯಿತು. ಅದೇ ಲೆಕ್ಕದಲ್ಲಿ 60 ಕಿಲೋ ತೂಕದ ವಯಸ್ಕನೊಬ್ಬ ದಿನಕ್ಕೆ 9 ಲೀಟರ್ ಹಾಲು ಕುಡಿಯಬೇಕು! ಅಷ್ಟು ಕುಡಿದು ಮಲಗಿದರೆ ನಮಗೂ ಮೇಲೆ ಬಾರದೆ ಇದ್ದೀತೆ?

ಇದು ಎಷ್ಟು ಮಕ್ಕಳಲ್ಲಿ ಕಾಣುತ್ತದೆ ಎಂಬುದಕ್ಕೂ ಲೆಕ್ಕವಿದೆ. ಅಮೆರಿಕದ ಷಿಕಾಗೊ ಪ್ರದೇಶದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, 3 ತಿಂಗಳೊಳಗಿನ ಶಿಶುಗಳಲ್ಲಿ ಅರ್ಧದಷ್ಟು ದಿನಕ್ಕೆ ಒಮ್ಮೆಯಾದರೂ ಕಕ್ಕುತ್ತಿದ್ದವು. 4ನೆಯ ತಿಂಗಳಲ್ಲಿ ಇದು ಶೇಕಡಾ 67ಕ್ಕೆ ಏರಿ, 10ರಿಂದ 12 ತಿಂಗಳ ಹೊತ್ತಿಗೆ ಶೇಕಡಾ 5ಕ್ಕೆ ಇಳಿದಿತ್ತು. ಮೂರರಲ್ಲಿ ಎರಡು ಮಕ್ಕಳಲ್ಲಿ ಕಾಣುವುದನ್ನು ಕಾಯಿಲೆ ಎನ್ನುವುದು ಕಷ್ಟ.

ಕಕ್ಕಿದ ಹಾಲು ಮೊಸರಿನಂತೆ ಒಡೆದಿದ್ದರೆ "ಹಾಲು ಹೊಟ್ಟೆಯಲ್ಲಿ ಕೆಟ್ಟಿದೆ" ಎಂದು ಹೆದರುವವರಿದ್ದಾರೆ. ಅದು ಕೆಟ್ಟ ಹಾಲಲ್ಲ. ಜಠರದ ಆಮ್ಲ ಮತ್ತು ಕಿಣ್ವಗಳು ಕೆಲಸ ಆರಂಭಿಸಿ ಹಾಲಿನ ಪ್ರೋಟೀನನ್ನು ಗರಣೆಗಟ್ಟಿಸಿವೆ, ಅಷ್ಟೆ. ಕುಡಿದ ಕೂಡಲೇ ಕಕ್ಕಿದರೆ ಹಾಲು ಹಾಲಾಗಿಯೇ ಬರುತ್ತದೆ, ತಡವಾದರೆ ಒಡೆದು ಬರುತ್ತದೆ.

"ಕುಡಿದದ್ದೆಲ್ಲ ಹೊರಗೆ ಬಂತು" ಎಂಬ ಮಾತನ್ನು ನೀವೇ ಪರೀಕ್ಷಿಸಬಹುದು. ಒಂದು ಚಹಾ ಚಮಚದಲ್ಲಿ ಸುಮಾರು 5 ಮಿಲಿಲೀಟರ್ ಹಿಡಿಯುತ್ತದೆ. ಎರಡು ಚಮಚ ಹಾಲನ್ನು ಹಳೆಯ ಹತ್ತಿ ಬಟ್ಟೆಯ ಮೇಲೆ ಸುರಿಯಿರಿ. ಹರಡಿದ ಕಲೆ ಎಷ್ಟು ದೊಡ್ಡದೆಂದು ಬಾಣಂತಿಗೂ ಅಜ್ಜಿಗೂ ತೋರಿಸಿ. ಹೆಗಲ ಮೇಲಿನ ಬಟ್ಟೆ ತೊಯ್ದಷ್ಟು ಹಾಲು ಹೊಟ್ಟೆಯಿಂದ ಹೋಗಿಲ್ಲವೆಂದು ಕಣ್ಣಾರೆ ಕಂಡರೆ ಮನೆಯ ಅರ್ಧ ಗಾಬರಿ ಇಳಿಯುತ್ತದೆ.

ಬಟ್ಟೆ ಬದಲಿಸುವುದು ಹಾಲಿಗೆ ಮುಂಚೆ

ಈಗ ಭೌತಶಾಸ್ತ್ರಕ್ಕೆ ಬರೋಣ. ಬಾಗಿಲು ಆಗಾಗ ಸಡಿಲವಾಗುವುದನ್ನು ನಾವು ತಡೆಯಲಾರೆವು. ಆದರೆ ಅದು ಸಡಿಲವಾದ ಗಳಿಗೆಯಲ್ಲಿ ಕೆಳಗಿನಿಂದ ಒತ್ತಡ ಹೆಚ್ಚಿದೆಯೋ ಕಡಿಮೆಯಿದೆಯೋ, ಹಾಲು ಬಾಗಿಲ ಬಳಿ ನಿಂತಿದೆಯೋ ಜಠರದ ತಳದಲ್ಲಿದೆಯೋ ಎಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ಬಟ್ಟೆ ಬದಲಿಸುವಾಗ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಕೂಸನ್ನು ಅಂಗಾತ ಮಲಗಿಸಿ, ಎರಡೂ ಪಾದಗಳನ್ನು ಒಂದೇ ಕೈಯಲ್ಲಿ ಹಿಡಿದು, ಸೊಂಟ ನೆಲಬಿಡುವಷ್ಟು ಮೇಲಕ್ಕೆತ್ತಿ ಒರೆಸುತ್ತೇವೆ. ಆಗ ತೊಡೆಗಳು ಹೊಟ್ಟೆಯನ್ನು ಒತ್ತುತ್ತವೆ, ಸೊಂಟ ಎದೆಗಿಂತ ಮೇಲೇರುತ್ತದೆ. ತುಂಬಿದ ಚರ್ಮದ ಚೀಲವನ್ನು ಬುಡ ಮೇಲೆ ಮಾಡಿ ಹಿಸುಕಿದಂತಾಯಿತು. ಹಾಲು ಕುಡಿದ ಹತ್ತು ನಿಮಿಷದೊಳಗೆ ಹೀಗೆ ಮಾಡಿದರೆ ಕಕ್ಕದ ಕೂಸೇ ಅಪರೂಪ. ಹಾಲು ಒಗ್ಗಲಿಲ್ಲವೆಂಬ ದೂರು ಎಷ್ಟೋ ಮನೆಗಳಲ್ಲಿ ಹುಟ್ಟುವುದು ಈ ಗಳಿಗೆಯಲ್ಲೇ ಎಂದು ನನ್ನ ಅನಿಸಿಕೆ.

ಆದ್ದರಿಂದ ಕೂಸು ಹಸಿದು ಎದ್ದ ಕೂಡಲೇ ಮೊದಲು ಬಟ್ಟೆ ಬದಲಿಸಬೇಕು, ಆಮೇಲೆ ಹಾಲು ಕೊಡಬೇಕು. ಹಸಿದ ಕೂಸು ಎರಡು ನಿಮಿಷ ಅತ್ತೀತು, ಅಳಲಿ. ಬಟ್ಟೆ, ನೀರು, ಒರೆಸುವ ಹತ್ತಿ ಮೊದಲೇ ಕೈಗೆಟುಕುವಲ್ಲಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಅವನ್ನು ಜೋಡಿಸಿಡುವುದು ಮನೆಯ ಹುಡುಗರಿಗೆ ಹೇಳಿ ಮಾಡಿಸಿದ ಕೆಲಸ.

ಇಲ್ಲೊಂದು ತೊಡಕಿದೆ. ಎದೆಹಾಲು ಕುಡಿಯುವ ಕೂಸು ಮೊದಲ ವಾರಗಳಲ್ಲಿ ಕುಡಿಯುತ್ತಿರುವಾಗಲೇ ಮಲ ವಿಸರ್ಜಿಸುವುದುಂಟು. ಜಠರ ತುಂಬುತ್ತಿದ್ದಂತೆ ದೊಡ್ಡ ಕರುಳು ಚಲಿಸತೊಡಗುವುದು ಒಂದು ಸಹಜ ಪ್ರತಿವರ್ತನ. ಆಗ ಮತ್ತೆ ಬಟ್ಟೆ ಬದಲಿಸಬೇಕಾಗುತ್ತದೆ. ಅದಕ್ಕೆ ಒಳ್ಳೆಯ ಸಮಯವೆಂದರೆ ಒಂದು ಮೊಲೆಯ ಹಾಲು ಮುಗಿದು ಇನ್ನೊಂದಕ್ಕೆ ಹಾಕುವ ನಡುವಿನ ಬಿಡುವು. ಹೊಟ್ಟೆ ಇನ್ನೂ ಪೂರ್ತಿ ತುಂಬಿರುವುದಿಲ್ಲ, ತೂಕಡಿಸುತ್ತಿರುವ ಕೂಸಿಗೆ ಎಚ್ಚರವಾಗಿ ಅದು ಎರಡನೆಯ ಮೊಲೆಯನ್ನೂ ಚೆನ್ನಾಗಿ ಚೀಪುತ್ತದೆ.

ಎಲ್ಲ ಮುಗಿದ ಮೇಲೆ ಮಲವಾದರೆ? ಬರೀ ಮೂತ್ರವಾದರೆ ಅರ್ಧ ಗಂಟೆ ಹಾಗೇ ಬಿಡಬಹುದು. ಮಲವನ್ನು ಬಹಳ ಹೊತ್ತು ಬಿಟ್ಟರೆ ಎಳೆಯ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಒಂದು ಕಾಲು ಗಂಟೆ ಹೆಗಲ ಮೇಲೆ ನೆಟ್ಟಗೆ ಎತ್ತಿಕೊಂಡಿದ್ದು ಆಮೇಲೆ ಬದಲಿಸಿ. ಆಗಲೂ ಕಾಲೆತ್ತಬೇಡಿ. ಕೂಸನ್ನು ಮೆಲ್ಲಗೆ ಒಂದು ಮಗ್ಗುಲಿಗೆ ಹೊರಳಿಸಿ, ಸೊಂಟಕ್ಕೆ ಕೈ ಆನಿಸಿಕೊಂಡು, ಹಿಂದಿನಿಂದ ಒರೆಸಿ. ಬಟ್ಟೆಯನ್ನು ಅರ್ಧ ಸುತ್ತಿ ಕೆಳಗೆ ಸರಿಸಿ, ಇನ್ನೊಂದು ಮಗ್ಗುಲಿಗೆ ಹೊರಳಿಸಿ ಎಳೆದುಕೊಳ್ಳಿ. ಹಾಸಿಗೆ ಹಿಡಿದ ರೋಗಿಯ ಕೆಳಗಿನ ಹೊದಿಕೆಯನ್ನು ದಾದಿಯರು ಬದಲಿಸುವ ಕ್ರಮವೂ ಇದೇ. ಹೆಣ್ಣು ಕೂಸಾದರೆ ಯಾವಾಗಲೂ ಮುಂದಿನಿಂದ ಹಿಂದಕ್ಕೆ ಒರೆಸಬೇಕು, ಇಲ್ಲವಾದರೆ ಮಲದ ಸೂಕ್ಷ್ಮಾಣುಗಳು ಮೂತ್ರದ ದಾರಿಗೆ ಸೇರುತ್ತವೆ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ ಎಂದು ನಿಮಗೆ ಬೇರೆ ಹೇಳಬೇಕಾಗಿಲ್ಲ.

ಗಂಟು ಬಿಗಿಯುವುದರಲ್ಲೂ ಗಮನ ಬೇಕು. ಹಳೆಯ ಪಂಚೆಯಿಂದ ಮಾಡಿದ ಲಂಗೋಟಿಯಾಗಲಿ, ಅಂಗಡಿಯ ಡಯಾಪರ್ ಆಗಲಿ, ಸೊಂಟದ ಬಳಿ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲವಾಗಿರಬೇಕು. ಬಿಗಿದು ಕಟ್ಟಿದ ಗಂಟು ಇಡೀ ದಿನ ಹೊಟ್ಟೆಯನ್ನು ಒತ್ತುತ್ತಲೇ ಇರುತ್ತದೆ. ಹೊಕ್ಕುಳ ಬಳ್ಳಿ ಇನ್ನೂ ಉದುರದಿದ್ದರೆ ಬಟ್ಟೆ ಅದಕ್ಕಿಂತ ಕೆಳಗಿರಲಿ.

ಸ್ನಾನದ ವಿಷಯವೂ ಇಲ್ಲಿಗೇ ಸೇರುತ್ತದೆ. ನಮ್ಮ ಕಡೆ ಅಜ್ಜಿಯರು ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿ ಎಣ್ಣೆ ಹಚ್ಚಿ ನೀರು ಹಾಕುತ್ತಾರೆ. ಹಾಲು ಕುಡಿದ ಕೂಸನ್ನು ಹಾಗೆ ಮಲಗಿಸಿದರೆ ಎಲ್ಲವೂ ಹೊರಗೆ. ಆದರೆ ಹಳೆಯ ರೂಢಿಯನ್ನು ಗಮನಿಸಿ: ಮೊದಲು ನೀರು, ಆಮೇಲೆ ಹಾಲು, ಆಮೇಲೆ ನಿದ್ದೆ. ಆ ಅನುಕ್ರಮ ಸರಿಯಾಗಿಯೇ ಇದೆ. ಮೂಗಿಗೂ ಬಾಯಿಗೂ ಎಣ್ಣೆ ಬಿಡುವ ಅಭ್ಯಾಸವನ್ನು ಮಾತ್ರ ಬಿಡಲೇಬೇಕು, ಎಣ್ಣೆ ಶ್ವಾಸಕೋಶಕ್ಕಿಳಿದರೆ ಒಂದು ಬಗೆಯ ನ್ಯುಮೋನಿಯ ಆಗುತ್ತದೆ.

ಹಾಲೂಡುವ ಕ್ರಮ

ಕಕ್ಕುವ ಕೂಸಿಗೆ ಒಮ್ಮೆಗೇ ಹೆಚ್ಚು ಕುಡಿಸುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡುವುದು ಲೇಸು. ಎದೆಹಾಲಿನ ಕೂಸು ದಿನಕ್ಕೆ 8ರಿಂದ 12 ಸಲ ಕುಡಿಯುವುದು ಸಹಜವೇ. ಕಕ್ಕಿದ ಕೂಡಲೇ "ಹೊಟ್ಟೆ ಖಾಲಿಯಾಯಿತು" ಎಂದು ಮತ್ತೆ ತುಂಬಿಸಲು ಹೋಗಬಾರದು. ಹಸಿವಾದರೆ ಕೂಸೇ ತುಟಿ ಚಪ್ಪರಿಸಿ, ಕೈ ಬಾಯಿಗಿಟ್ಟುಕೊಂಡು ತಿಳಿಸುತ್ತದೆ.

ಕುಡಿಯುವಾಗ ಗಾಳಿ ನುಂಗಿದಷ್ಟೂ ಜಠರ ಉಬ್ಬುತ್ತದೆ. ಕೂಸು ಮೊಲೆತೊಟ್ಟನ್ನು ಮಾತ್ರ ಕಚ್ಚಿಕೊಳ್ಳದೆ, ಸುತ್ತಲಿನ ಕಪ್ಪು ಭಾಗವನ್ನೂ ಆದಷ್ಟು ಬಾಯಿಗೆ ತೆಗೆದುಕೊಂಡರೆ ಗಾಳಿ ಒಳಹೋಗುವುದು ಕಡಿಮೆ. ತಲೆ ಸೊಂಟಕ್ಕಿಂತ ಮೇಲಿರುವಂತೆ, ಕಿವಿ, ಹೆಗಲು, ಸೊಂಟ ಒಂದೇ ಗೆರೆಯಲ್ಲಿರುವಂತೆ ಹಿಡಿದುಕೊಳ್ಳಬೇಕು. ತಾಯಿ ಸ್ವಲ್ಪ ಹಿಂದಕ್ಕೆ ಒರಗಿ ಕುಳಿತರೆ ಇದು ಸುಲಭ. ಹಾಲು ರಭಸದಿಂದ ಚಿಮ್ಮುವ ತಾಯಂದಿರಿಗಂತೂ ಈ ಭಂಗಿ ತುಂಬ ಉಪಯುಕ್ತ. ಎದೆಯಿಂದ ಹಿಂಡಿದ ಹಾಲನ್ನು ಒಳಲೆಯಲ್ಲಿ ಕುಡಿಸುವವರು ಮಲಗಿಸಿ ಗಂಟಲಿಗೆ ಸುರಿಯಬಾರದು. ಕೂಸನ್ನು ಅರೆಕುಳಿತ ಭಂಗಿಯಲ್ಲಿ ಹಿಡಿದು, ಒಳಲೆಯ ಮೂತಿಯನ್ನು ಕೆಳತುಟಿಗೆ ಆನಿಸಿ, ಒಂದು ಗುಟುಕು ನುಂಗಿದ ಮೇಲೆ ಇನ್ನೊಂದನ್ನು ಕೊಡಬೇಕು.

ನಡುವೆ ಒಮ್ಮೆ, ಕೊನೆಗೊಮ್ಮೆ ತೇಗು ಬರಿಸಿ. ಹೆಗಲಿಗೆ ಹಾಕಿಕೊಂಡು ಬೆನ್ನನ್ನು ಮೆಲ್ಲಗೆ ನೇವರಿಸಿದರೆ ಸಾಕು, ದಪದಪನೆ ತಟ್ಟುವ ಅಗತ್ಯವಿಲ್ಲ. ತೇಗು ಬಂದ ಮೇಲೂ 20ರಿಂದ 30 ನಿಮಿಷ ನೆಟ್ಟಗೆ ಎತ್ತಿಕೊಂಡಿರಬೇಕು. ಇದು ನೀವು ಮಾಡಬಹುದಾದ ಅತ್ಯುತ್ತಮ ಸಹಾಯ. ಬಾಣಂತಿ ಹಾಲು ಕೊಟ್ಟು ಮಲಗಿಕೊಳ್ಳಲಿ, ಆ ಅರ್ಧ ಗಂಟೆ ಕೂಸು ನಿಮ್ಮ ಹೆಗಲ ಮೇಲಿರಲಿ. ಪಾಠ ಬಾಯಿಪಾಠ ಮಾಡಿಕೊಳ್ಳುವುದಕ್ಕೂ ಅದು ಒಳ್ಳೆಯ ಸಮಯ, ಕೂಸು ಆಕ್ಷೇಪಿಸುವುದಿಲ್ಲ.

ಎತ್ತಿಕೊಳ್ಳುವ ಬದಲು ಮಕ್ಕಳ ಕುರ್ಚಿಯಲ್ಲೋ ಕಾರಿನ ಮಕ್ಕಳ ಆಸನದಲ್ಲೋ ಕೂರಿಸಿದರಾಗದೆ ಎಂದು ಕೇಳುವವರಿದ್ದಾರೆ. ತರ್ಕ ಸರಿಯೆನಿಸುತ್ತದೆ, ಪರೀಕ್ಷೆ ಬೇರೆಯನ್ನೇ ಹೇಳಿತು. 1983ರಲ್ಲಿ ಅಮೆರಿಕದ ಸೂಸನ್ ಒರೆನ್‌ಸ್ಟೀನ್ ಮತ್ತು ಸಂಗಡಿಗರು ಅಳೆದು ನೋಡಿದಾಗ, ಬೋರಲು ಮಲಗಿದ್ದಾಗಿಗಿಂತ ಆಸನದಲ್ಲಿ ಕೂರಿಸಿದಾಗಲೇ ಹಿಮ್ಮುಖ ಹರಿವು ಹೆಚ್ಚಾಗಿತ್ತು. ಬೆನ್ನಿಗೆ ಇನ್ನೂ ಬಲ ಬಾರದ ಕೂಸು ಆಸನದಲ್ಲಿ ಕುಸಿದು ಮಡಚಿಕೊಳ್ಳುತ್ತದೆ, ಹೊಟ್ಟೆಯ ಮೇಲೆ ಒತ್ತಡ ಬೀಳುತ್ತದೆ. ಹೆಗಲ ಮೇಲಿದ್ದರೆ ಮೈ ನೆಟ್ಟಗಿರುತ್ತದೆ.

ಮಲಗಿಸುವುದು ಹೇಗೆ?

ಈ ಪ್ರಶ್ನೆಯಲ್ಲಿ ಪ್ರಾಣದ ಮಾತಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ. ಬೋರಲು ಮಲಗಿಸಿದರೆ ಕಕ್ಕುವುದು ಕಡಿಮೆಯಾಗುತ್ತದೆ ಎಂಬುದು ನಿಜ. ಈ ಕಾರಣದಿಂದಲೇ, ಅಂಗಾತ ಮಲಗಿದ ಕೂಸು ಕಕ್ಕಿದರೆ ಉಸಿರುಕಟ್ಟುತ್ತದೆ ಎಂಬ ಭಯದಿಂದಲೂ, ಪಾಶ್ಚಾತ್ಯ ದೇಶಗಳಲ್ಲಿ ದಶಕಗಳ ಕಾಲ ಶಿಶುಗಳನ್ನು ಬೋರಲು ಮಲಗಿಸುತ್ತಿದ್ದರು. ಆರೋಗ್ಯವಾಗಿದ್ದ ಕೂಸು ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುವ ಪ್ರಕರಣಗಳು ಬೋರಲು ಮಲಗುವ ಶಿಶುಗಳಲ್ಲಿ ಹೆಚ್ಚೆಂದು ಮುಂದೆ ಗೊತ್ತಾಯಿತು. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ "ಕೂಸನ್ನು ಬೆನ್ನ ಮೇಲೆ ಮಲಗಿಸಿ" ಎಂಬ ಪ್ರಚಾರಾಂದೋಲನ ನಡೆಯಿತು. ಮುಂದಿನ ವರ್ಷಗಳಲ್ಲಿ ಅಂಥ ಸಾವುಗಳು ಅರ್ಧಕ್ಕೂ ಕೆಳಗಿಳಿದವು. ಉಸಿರುಕಟ್ಟಿ ಸತ್ತ ಮಕ್ಕಳ ಸಂಖ್ಯೆಯೇನೂ ಏರಲಿಲ್ಲ.

ಏಕೆ ಏರಲಿಲ್ಲ? ಶ್ವಾಸನಾಳ ಅನ್ನನಾಳದ ಮುಂದಿದೆ. ಅಂಗಾತ ಮಲಗಿದಾಗ ಮುಂದಿರುವುದು ಮೇಲಾಗುತ್ತದೆ, ಅಂದರೆ ಶ್ವಾಸನಾಳ ಮೇಲೆ, ಅನ್ನನಾಳ ಕೆಳಗೆ. ಕಕ್ಕಿದ ಹಾಲು ಶ್ವಾಸನಾಳಕ್ಕೆ ಹೋಗಬೇಕಾದರೆ ಗುರುತ್ವಕ್ಕೆ ವಿರುದ್ಧವಾಗಿ ಮೇಲೇರಬೇಕು. ಬೋರಲು ಮಲಗಿದಾಗ ಚಿತ್ರ ತಿರುಗಿ, ಹಾಲು ಶ್ವಾಸನಾಳದ ಬಾಯಿಗೆ ಇಳಿದು ನಿಲ್ಲುವುದು ಸುಲಭವಾಗುತ್ತದೆ. ನೋಟುಪುಸ್ತಕದಲ್ಲಿ ಎರಡು ಗೆರೆ ಎಳೆದು, ಪುಸ್ತಕವನ್ನು ತಿರುಗಿಸಿ ನೋಡಿದರೆ ಇದು ತಟ್ಟನೆ ಅರ್ಥವಾಗುತ್ತದೆ.

ಆದ್ದರಿಂದ ಕಕ್ಕುವ ಕೂಸನ್ನೂ ಅಂಗಾತವೇ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ ಮಲಗಿಸಬೇಕು. ತಲೆಯ ಕೆಳಗೆ ದಿಂಬಿಡುವುದು, ಹಾಸಿಗೆಯನ್ನು ಒಂದು ಕಡೆ ಎತ್ತರಿಸುವುದು ಬೇಡ. ಕುತ್ತಿಗೆ ಮಡಚಿ ಗದ್ದ ಎದೆಗೆ ತಾಗಿದರೆ ಕೂಸಿನ ಉಸಿರಿನ ದಾರಿ ಇಕ್ಕಟ್ಟಾಗುತ್ತದೆ. ರಿಫ್ಲಕ್ಸ್‌ಗೆ ಒಳ್ಳೆಯದೆಂದು ಜನ ನಂಬಿ ಕೊಳ್ಳುತ್ತಿದ್ದ ಇಳಿಜಾರು ಮಲಗುಸಾಧನಗಳಲ್ಲಿ ಶಿಶುಗಳು ಸತ್ತದ್ದರಿಂದ, 10 ಡಿಗ್ರಿಗಿಂತ ಹೆಚ್ಚು ಇಳಿಜಾರಿರುವ ಅಂಥ ಸಾಧನಗಳನ್ನು ಅಮೆರಿಕ 2022ರ ಕಾನೂನಿನ ಮೂಲಕ ನಿಷೇಧಿಸಿತು. ನಮ್ಮಲ್ಲಿ ಸೀರೆಯ ಜೋಳಿಗೆ ಕಟ್ಟಿ ಮಲಗಿಸುವ ರೂಢಿಯಿದೆ. ಎಳೆಗೂಸು ಅದರಲ್ಲಿ ಬಿಲ್ಲಿನಂತೆ ಬಾಗುವುದರಿಂದ, ಕಕ್ಕುವ ಕೂಸಿಗಂತೂ ಜೋಳಿಗೆಯ ನಿದ್ದೆ ಬೇಡ.

ಮದ್ದು ಬೇಕೆ?

ಹೆಚ್ಚಿನ ಕೂಸುಗಳಿಗೆ ಬೇಡ. ಜೇನು ನೆಕ್ಕಿಸುವುದಂತೂ ಒಂದು ವರ್ಷದವರೆಗೆ ಸಲ್ಲದು. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯದ ಬೀಜಕಗಳು ಶಿಶುವಿನ ಕರುಳಿನಲ್ಲಿ ಮೊಳೆತು, ಸ್ನಾಯುಗಳನ್ನು ನಿಶ್ಶಕ್ತಗೊಳಿಸುವ ಬಾಟುಲಿಸಮ್ ಎಂಬ ಕಾಯಿಲೆಯನ್ನು ತರುತ್ತವೆ. ಬಜೆ ತೇಯ್ದು ನೆಕ್ಕಿಸಿದರೆ ವಾಂತಿ ಹೆಚ್ಚಾಗಬಹುದು. ಗ್ರೈಪ್ ವಾಟರ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 1851ರಲ್ಲಿ ವಿಲಿಯಂ ವುಡ್‌ವರ್ಡ್ ತಯಾರಿಸಿದ ಔಷಧ. ಸಬ್ಬಸಿಗೆ ಎಣ್ಣೆ, ಸೋಡ, ಸಕ್ಕರೆಗಳ ಜೊತೆ ಆಗ ಅದರಲ್ಲಿ ಮದ್ಯಸಾರವೂ ಇತ್ತು, ಮಕ್ಕಳು ಬೇಗ ನಿದ್ದೆ ಹೋಗುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಈಗಿನವುಗಳಲ್ಲಿ ಅದಿಲ್ಲದಿದ್ದರೂ 6 ತಿಂಗಳವರೆಗೆ ಎದೆಹಾಲಿನ ಹೊರತು ನೀರೂ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ ಇದಕ್ಕೆ ಎಡೆಯೆಲ್ಲಿ?

ವೈದ್ಯರ ಔಷಧಗಳ ಚರಿತ್ರೆಯೂ ಎಚ್ಚರ ಹೇಳುತ್ತದೆ. ಒಂದು ಕಾಲಕ್ಕೆ ಶಿಶುಗಳಿಗೂ ಧಾರಾಳವಾಗಿ ಕೊಡುತ್ತಿದ್ದ ಸಿಸಪ್ರೈಡ್ ಹೃದಯದ ಲಯ ತಪ್ಪಿಸುತ್ತದೆಂದು ಅಮೆರಿಕದ ಮಾರುಕಟ್ಟೆಯಿಂದ 2000ದಲ್ಲಿ ಹಿಂದೆಗೆಯಲ್ಪಟ್ಟಿತು, ಭಾರತದಲ್ಲಿ 2011ರಲ್ಲಿ ನಿಷೇಧವಾಯಿತು. ಆಮ್ಲ ತಗ್ಗಿಸುವ ಲಾನ್‌ಸೊಪ್ರಜೋಲ್ ಔಷಧವನ್ನು 162 ಶಿಶುಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2009ರಲ್ಲಿ ಹೊರಬಂತು. ಔಷಧ ಪಡೆದವರಲ್ಲಿ ಶೇಕಡಾ 54, ಔಷಧದಂತೆ ಕಾಣುವ ಬರಿಯ ದ್ರಾವಣ ಪಡೆದವರಲ್ಲೂ ಶೇಕಡಾ 54 ಶಿಶುಗಳಿಗೆ ಗುಣ ಕಂಡಿತು! ಹಾಗೆಂದು ಔಷಧ ಯಾವ ಕೂಸಿಗೂ ಬೇಡವೆಂದಲ್ಲ. ಅನ್ನನಾಳ ಹುಣ್ಣಾದ, ತೂಕ ಏರದ ಕೆಲವರಿಗೆ ಬೇಕಾಗುತ್ತದೆ. ಅದನ್ನು ಪರೀಕ್ಷಿಸಿ ಹೇಳಬೇಕಾದವರು ಮಕ್ಕಳ ವೈದ್ಯರು, ಔಷಧದಂಗಡಿಯವರಲ್ಲ. ಡಬ್ಬದ ಹಾಲು ಕುಡಿಯುವ ಕೆಲವು ಶಿಶುಗಳಲ್ಲಿ ಹಸುವಿನ ಹಾಲಿನ ಪ್ರೋಟೀನಿನ ಅಲರ್ಜಿಯೂ ಕಕ್ಕುವ ರೂಪದಲ್ಲೇ ಕಾಣಿಸಿಕೊಳ್ಳುತ್ತದೆ, ಅದನ್ನೂ ಅವರೇ ಗುರುತಿಸಬೇಕು.

ತಾಯಿಯ ಹಾಲು ಒಗ್ಗದೆಂದು ಪುಡಿಹಾಲಿಗೆ ಬದಲಾಯಿಸುವುದರಿಂದ ಕಕ್ಕುವುದು ನಿಲ್ಲುವುದಿಲ್ಲ. ಎದೆಹಾಲು ಜಠರದಿಂದ ಬೇಗ ಖಾಲಿಯಾಗುತ್ತದೆ, ಪುಡಿಹಾಲು ಹೆಚ್ಚು ಹೊತ್ತು ಅಲ್ಲೇ ನಿಲ್ಲುತ್ತದೆ. ಶಿಶುಗಳ ಪುಡಿಹಾಲನ್ನೂ ಹಾಲಿನ ಬಾಟಲಿಯನ್ನೂ ಜಾಹೀರಾತು ಮಾಡಬಾರದೆಂದು 1992ರಿಂದ ನಮ್ಮ ದೇಶದಲ್ಲಿ ಕಾನೂನೇ ಇದೆ.

ಬಟ್ಟೆ ಹೇಳುವ ಲೆಕ್ಕ

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಇಷ್ಟು ಕಕ್ಕುವ ಕೂಸಿಗೆ ಸಾಕಷ್ಟು ಹಾಲು ಸಿಗುತ್ತಿದೆಯೆಂದು ತಿಳಿಯುವುದು ಹೇಗೆ? ಉತ್ತರ ಒಗೆಯಲು ಹಾಕಿದ ಬಟ್ಟೆಗಳ ರಾಶಿಯಲ್ಲಿದೆ. ಒಳಗೆ ಹೋದ ಹಾಲಿನ ಲೆಕ್ಕ ಸಿಗದಿದ್ದರೂ ಹೊರಗೆ ಬಂದ ಮೂತ್ರದ ಲೆಕ್ಕ ಸಿಗುತ್ತದೆ. 5 ದಿನ ತುಂಬಿದ ಕೂಸು 24 ಗಂಟೆಗಳಲ್ಲಿ ಕಡೇಪಕ್ಷ 6 ಸಲ ಬಟ್ಟೆ ಒದ್ದೆ ಮಾಡಬೇಕು. ಮೂತ್ರ ತಿಳಿಯಾಗಿದ್ದು, ಮೊದಲ ದಿನಗಳ ಕಪ್ಪು ಮಲ ಹೋಗಿ 4-5 ದಿನಗಳಲ್ಲಿ ಹಳದಿ ಬಣ್ಣಕ್ಕೆ ತಿರುಗಿದ್ದರೆ ಹಾಲು ಸಾಕಾಗುತ್ತಿದೆಯೆಂದೇ ಅರ್ಥ. ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿ, ಬಟ್ಟೆ ಬದಲಿಸಿದಾಗಲೆಲ್ಲ ಒಂದು ಗೆರೆ ಹಾಕುತ್ತ ಬಂದರೆ ವೈದ್ಯರಿಗೂ ಅದು ಉಪಯೋಗಕ್ಕೆ ಬರುತ್ತದೆ. ಡಯಾಪರ್‌ನಲ್ಲಿ ಈ ಲೆಕ್ಕ ಕಷ್ಟ. ಅದರೊಳಗಿನ ಪುಡಿ ಮೂತ್ರವನ್ನೆಲ್ಲ ಹೀರಿಕೊಂಡು ಒಣಗಿದಂತೆ ಕಾಣುವುದರಿಂದ ಎತ್ತಿ ತೂಗಿ ನೋಡಬೇಕಾಗುತ್ತದೆ. ಈ ಒಂದು ವಿಷಯದಲ್ಲಿ ಹಳೆಯ ಪಂಚೆಯ ಲಂಗೋಟಿಯೇ ಮೇಲು.

ತೂಕವೂ ಮುಖ್ಯ. ಹುಟ್ಟಿದ ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯುವ ತೂಕ ಎರಡು ವಾರದೊಳಗೆ ಮತ್ತೆ ಹುಟ್ಟುತೂಕಕ್ಕೆ ಬರಬೇಕು. ಆಮೇಲೆ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರುತ್ತ ಹೋಗಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗಳಿಗೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನಗಳಂದು ಭೇಟಿ ಕೊಡುವ ಕ್ರಮವಿದೆ. ತೂಕ ನೋಡಿಸಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ನಗುನಗುತ್ತ ಕಕ್ಕಿ, ತೂಕವೇರುತ್ತ, ಬಟ್ಟೆ ಒದ್ದೆ ಮಾಡುತ್ತಿರುವ ಕೂಸಿನ ಕೆಲಸ ಬಟ್ಟೆ ಒಗೆಯುವವರಿಗೆ ಮಾತ್ರ ಕಷ್ಟ.

ಕಾಯಬಾರದ ಲಕ್ಷಣಗಳು

ಕಕ್ಕುವುದೆಲ್ಲ ರಿಫ್ಲಕ್ಸ್ ಅಲ್ಲ, ಇದನ್ನು ಮರೆತರೆ ಮೇಲಿನ ಧೈರ್ಯವೇ ಅಪಾಯವಾದೀತು. ಕಕ್ಕಿದ್ದು ಹಸಿರು ಬಣ್ಣದ್ದಾಗಿದ್ದರೆ ಅದು ಪಿತ್ತರಸ. ಜಠರದಿಂದ ಕೆಳಗೆ ಎಲ್ಲೋ ಕರುಳು ತಿರುಚಿಕೊಂಡು ದಾರಿ ಮುಚ್ಚಿರಬಹುದು. ಕೂಸು ಎಷ್ಟೇ ಚೆನ್ನಾಗಿ ಕಂಡರೂ ಗಂಟೆಗಳನ್ನು ಕಳೆಯದೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಬೇಕು.

ಇನ್ನೊಂದು, ಸುಮಾರು 3ರಿಂದ 6 ವಾರದ ಕೂಸಿನಲ್ಲಿ, ಹೆಚ್ಚಾಗಿ ಗಂಡು ಕೂಸಿನಲ್ಲಿ ಕಾಣುವ ವಾಂತಿ. ಹಾಲು ಬಾಯಿಂದ ಜಾರಿ ಬರುವ ಬದಲು ಚಿಮ್ಮಿ ದೂರ ಬೀಳುತ್ತದೆ, ದಿನದಿಂದ ದಿನಕ್ಕೆ ಹೆಚ್ಚುತ್ತದೆ. ವಾಂತಿಯಾದ ಕೂಡಲೇ ಕೂಸು ಮತ್ತೆ ಹಸಿದು ಬಾಯಿ ತೆರೆಯುತ್ತದೆ, ತೂಕ ಮಾತ್ರ ಇಳಿಯುತ್ತದೆ. ಇಲ್ಲಿ ತೊಂದರೆ ಇರುವುದು ಜಠರದ ಕೆಳಬಾಗಿಲಿನಲ್ಲಿ: ಅಲ್ಲಿನ ಸ್ನಾಯು ದಪ್ಪವಾಗಿ ಬೆಳೆದು ಹಾಲು ಕರುಳಿಗೆ ಇಳಿಯದಂತೆ ಮಾಡಿರುತ್ತದೆ. ಹಿಂದೆ ಎಷ್ಟೋ ಶಿಶುಗಳು ಇದರಿಂದ ಸಾಯುತ್ತಿದ್ದವು. ಆ ಸ್ನಾಯುವನ್ನು ಸೀಳಿ ಹಾಗೆಯೇ ಬಿಡುವ ಸರಳ ಶಸ್ತ್ರಚಿಕಿತ್ಸೆಯನ್ನು ಜರ್ಮನಿಯ ಕಾನ್ರಾಡ್ ರಾಮ್‌ಸ್ಟೆಟ್ 1912ರಲ್ಲಿ ಪ್ರಕಟಿಸಿದ. ಅದೇ ವಿಧಾನ ಇಂದಿಗೂ ನಡೆದುಬಂದಿದೆ, ಕೂಸು ಒಂದೆರಡು ದಿನದಲ್ಲಿ ಹಾಲು ಕುಡಿಯುತ್ತದೆ.

ಕಕ್ಕಿದ್ದರಲ್ಲಿ ಅಥವಾ ಮಲದಲ್ಲಿ ರಕ್ತವಿದ್ದರೆ, ಹೊಟ್ಟೆ ಉಬ್ಬಿ ಬಿಗಿಯಾಗಿದ್ದರೆ, ಜ್ವರವಿದ್ದರೆ, ನೆತ್ತಿ ಉಬ್ಬಿದ್ದರೆ ಅಥವಾ ಕುಳಿಬಿದ್ದಿದ್ದರೆ, ಕೂಸು ಹಾಲು ಬೇಡವೆಂದು ಮಂಕಾಗಿ ಮಲಗಿದರೆ, ಒದ್ದೆ ಬಟ್ಟೆಗಳು ಕಡಿಮೆಯಾದರೆ ಅಂದೇ ವೈದ್ಯರಿಗೆ ತೋರಿಸಬೇಕು. ಉಸಿರು ನಿಂತು ನಿಂತು ಬಂದರೆ, ತುಟಿ ನೀಲಿಗಟ್ಟಿದರೆ 108ಕ್ಕೆ ಕರೆ ಮಾಡಿ. ಮೊದಲ ಆರು ತಿಂಗಳು ಕಕ್ಕದೇ ಇದ್ದ ಮಗು ಆಮೇಲೆ ಹೊಸದಾಗಿ ಕಕ್ಕಲು ತೊಡಗಿದರೂ ಕಾರಣ ಬೇರೆಯಿರಬಹುದು.

ಉಳಿದ ಮಕ್ಕಳಲ್ಲಿ ಇದು ತಾನಾಗಿ ಇಳಿಮುಖವಾಗುತ್ತದೆ. 6 ತಿಂಗಳ ಹೊತ್ತಿಗೆ ಕೂಸು ಕೂರಲು ಕಲಿಯುತ್ತದೆ, ರಾಗಿ ಸರಿಯಂಥ ಗಟ್ಟಿ ಆಹಾರ ಶುರುವಾಗುತ್ತದೆ. ಕಕ್ಕುವುದು ನಿಲ್ಲಲೆಂದು ಅದಕ್ಕೆ ಮೊದಲೇ ಸರಿ ತಿನ್ನಿಸಬಾರದು. ಹತ್ತರಲ್ಲಿ ಒಂಬತ್ತು ಮಕ್ಕಳು ವರ್ಷ ತುಂಬುವುದರೊಳಗೆ ಕಕ್ಕುವುದನ್ನು ಬಿಟ್ಟಿರುತ್ತಾರೆ. ವರ್ಷ ಕಳೆದ ಮೇಲೂ ಬಿಡದವರನ್ನು ಮಕ್ಕಳ ವೈದ್ಯರಿಗೆ ಮತ್ತೊಮ್ಮೆ ತೋರಿಸಬೇಕಾಗುತ್ತದೆ.